ಡುಕ್ಕರ ಫಿಯಾಟಿನ ಎಡಗಡೆ ಸೀಟು

ಆಗಸ್ಟ್ ೩, ರವಿವಾರ

ಶಟ್ಟೆಪ್ಪ ಕಾರು ಕೊಂಡನಂತೆ. ಕೊಳ್ಳಲಿ, ಕಬ್ಬು ಬೆಳೆಯುವ ಮನುಷ್ಯ, ಅವನಿಗೆ ಶಕ್ತಿಯಿದೆ. ಆದರೆ ಅವನು ಕೊಂಡದ್ದು ಕಿತ್ತೂರಿನ ವಕೀಲರ ಮನೆಯ ತಗಡಿನ ಶೆಡ್ಡಿನಲ್ಲಿ ನಿಂತಿದ್ದ ಡುಕ್ಕರ ಫಿಯಾಟು. ಅಂದರೆ ನನ್ನ ಫಿಯಾಟು.

ನನ್ನದು ಎನ್ನಲು ಕಾಗದಪತ್ರವಿಲ್ಲ, ಒಪ್ಪಿದೆ. ಆದರೆ ವರ್ಷಗಟ್ಟಲೆ ಬೈಲಹೊಂಗಲದಿಂದ ಬಸ್ಸು ಹತ್ತಿ ಕಿತ್ತೂರಿಗೆ ಹೋಗಿ, ವಕೀಲರ ಹೆಂಡತಿ ಕೊಟ್ಟ ಚಹಾ ಕುಡಿದು, ಆ ಕಾರಿನ ಮೈಮೇಲಿನ ಧೂಳು ಒರೆಸಿ ಬಂದವನು ನಾನು. ೧೯೫೮ರ ಗಾಡಿ. ಬೆನ್ನು ಹಂದಿಯ ಬೆನ್ನಿನ ಹಾಗೆ ದುಂಡಗಿದೆ ಎಂದು ಮರಾಠಿ ಮಂದಿ ಅದನ್ನು ಡುಕ್ಕರ ಎಂದು ಕರೆದರು. ಮುಂದಿನ ಬಾಗಿಲು ಉಲ್ಟಾ ತೆರೆಯುತ್ತದೆ. ಗೇರು ಸ್ಟೇರಿಂಗಿನ ಬುಡದಲ್ಲಿದೆ. ಮುಂದಿನ ಸೀಟು ಬೆಂಚಿನಂತೆ ಅಖಂಡ ಒಂದೇ. ಇದನ್ನೆಲ್ಲ ಶಟ್ಟೆಪ್ಪನಿಗೆ ಕಲಿಸಿದವರು ಯಾರು? ಸಂಗೊಳ್ಳಿಯಿಂದ ಪೇಟೆಗೆ ಬಂದಾಗಲೆಲ್ಲ ನನ್ನ ಪುಸ್ತಕದಂಗಡಿಯ ಬೆಂಚಿನ ಮೇಲೆ ಕೂರುತ್ತಾನಲ್ಲ, ಆಗ ಪುಣೆಯಿಂದ ಬರುವ ಹಳೆ ಕಾರುಗಳ ಮಾಸಪತ್ರಿಕೆ ಬಿಡಿಸಿ, ಚಿತ್ರದ ಮೇಲೆ ಬೆರಳಿಟ್ಟು ಹೇಳಿಕೊಟ್ಟವನು ನಾನೇ. ಕಿತ್ತೂರಿಗೆ ಒಮ್ಮೆ ಕೈಹಿಡಿದು ಕರೆದುಕೊಂಡು ಹೋಗಿ ತೋರಿಸಿದವನೂ ನಾನೇ. ನನ್ನಂಥ ಪೆದ್ದ ಇನ್ನೊಬ್ಬನಿಲ್ಲ.

ನಾನು ಯಾಕೆ ಕೊಳ್ಳಲಿಲ್ಲ? ನಮ್ಮ ಓಣಿಯಲ್ಲಿ ಎಮ್ಮೆ ಎದುರಾದರೆ ನಾನು ಗೋಡೆಗೆ ಅಂಟಿಕೊಳ್ಳಬೇಕು, ಕಾರು ಎಲ್ಲಿ ನಿಲ್ಲಿಸಲಿ? ಮುಂದಿನ ವರ್ಷ ನೋಡೋಣ ಎನ್ನುತ್ತಲೇ ಬಂದೆ. ರಾಧಾಬಾಯಿ ಸಾರು ಬಡಿಸುತ್ತ ಇನ್ನೊಂದು ಕಾರಣ ಹೇಳಿದಳು.

"ನಿಮಗ ಓಡಸ್ಲಿಕ್ಕೇ ಬರಂಗಿಲ್ಲಲ್ಲ. ತಗೊಂಡು ದಿನಾ ಆರತಿ ಮಾಡ್ತಿದ್ರೇನು?"

ಇದು ಗಂಡ ಹೆಂಡತಿಗೆ ಮಾತ್ರ ಗೊತ್ತಿರುವ ಸಂಗತಿ. ಊರಲ್ಲಿ ಹಳೆ ಗಾಡಿಯ ಬಗ್ಗೆ ಏನೇ ಸಂದೇಹ ಬಂದರೂ ಮಂದಿ ನನ್ನ ಅಂಗಡಿಗೇ ಬರುತ್ತಾರೆ. ಈ ಮನುಷ್ಯ ಜನ್ಮದಲ್ಲಿ ಸ್ಟೇರಿಂಗ್ ಹಿಡಿದಿಲ್ಲ ಎಂದು ಯಾರಿಗೂ ಹೊಳೆದಿಲ್ಲ. ಹೊಳೆಯುವುದೂ ಬೇಡ.

ಶಟ್ಟೆಪ್ಪ ಅಂಗಡಿಗೆ ಬಂದರೆ ಇನ್ನು ಮಾತಾಡಿಸಬಾರದು.

ಆಗಸ್ಟ್ ೫, ಮಂಗಳವಾರ

ಬಂದ. ಕಾರು ತಗೊಂಡೇ ಬಂದ. ಅಂಗಡಿಯ ಮುಂದೆ ನಿಲ್ಲಿಸಿ ಹಾರನ್ ಹೊಡೆದ, ಬಸ್‌ಸ್ಟ್ಯಾಂಡಿನವರೆಗೂ ಕೇಳಿಸಿರಬೇಕು. ಮಂದಿ ಮುತ್ತಿಕೊಂಡರು.

"ಆಚಾರ್ರ, ಹೊರಗ ಬರ್ರಿ. ಹೆಂಗೈತ್ರಿ ನಮ್ಮ ಹಂದಿ?"

ಮಾತಾಡಿಸಬಾರದು ಎಂದುಕೊಂಡಿದ್ದೆ. ಆದರೆ ಕಾರನ್ನು ನೋಡಿದ ಮೇಲೆ ಬಾಯಿ ಸುಮ್ಮನಿರಬೇಕಲ್ಲ. ಮಜ್ಜಿಗೆಯ ಬಣ್ಣ, ತೊಳೆದು ಬಿಟ್ಟಿದ್ದಾನೆ, ಬಿಸಿಲಿಗೆ ಮೈ ಮಿರಿಮಿರಿ ಎನ್ನುತ್ತಿದೆ. ನನ್ನ ಹೊಟ್ಟೆಯೊಳಗೆ ಯಾರೋ ಒಲೆ ಹಚ್ಚಿದರು.

"ಹಾರನ್ ಟ್ರ್ಯಾಕ್ಟರಿಂದದ," ಎಂದೆ. "ಎಡಗಡೆ ಗಾಲಿಗೆ ಹಬ್‌ಕ್ಯಾಪ್ ಇಲ್ಲ. ಸೀಟಿಗೆ ಇದೇನು ಉಲನ್ ಹೊದಿಕಿ? ಒರಿಜಿನಲ್ ಅಲ್ಲಪಾ ಇದು, ಒರಿಜಿನಲ್ ಅಲ್ಲ."

ಮುಖ ಸಣ್ಣದಾಗುತ್ತದೆ ಎಂದು ಕಾದೆ. ಆಗಲಿಲ್ಲ. "ಮತ್ತೇನೇನ ತಪ್ಪೈತಿ ಹೇಳ್ರಿ, ಒಂದೊಂದ ಸುದ್ದ ಮಾಡೂಣು," ಎಂದು ಬಾಗಿಲು ತೆರೆದ. "ಬರ್ರಿ, ನೀವ ಒಂದ ರೌಂಡ್ ಹೊಡೀರಿ."

ಮೊಣಕಾಲು ನೋವು ಎಂದೆ. ಒಳಗೆ ಬಂದು ಮೊಣಕಾಲಿಗೆ ಎಣ್ಣೆಯನ್ನೂ ಹಚ್ಚಿಕೊಂಡೆ, ಯಾರಾದರೂ ನೋಡಿದರೆ ಇರಲಿ ಎಂದು.

ಆಗಸ್ಟ್ ೨೪, ರವಿವಾರ

ನಾನು ಹೇಳಿದ್ದನ್ನೆಲ್ಲ ಶಟ್ಟೆಪ್ಪ ಮಾಡುತ್ತಾನೆ, ಅದೇ ಸಂಕಟ. ಟ್ರ್ಯಾಕ್ಟರ್ ಹಾರನ್ ತೆಗೆದ. ಹಿಂದಿನ ಕಿಟಕಿಯ ಕಾಚಿನ ಮೇಲಿದ್ದ ಪ್ಲಾಸ್ಟಿಕ್ ಹೂಮಾಲೆ ತೆಗೆದ. ಕಣ್ಣಿಗೆ ಹೊಡೆಯುತ್ತಿದ್ದ ಹಸಿರು ಬಲ್ಬು ತೆಗೆದ. ಅವನ ಹೆಂಡತಿ ಬೀರವ್ವ ಮಂಚಕ್ಕೆಂದು ತಿಂಗಳಾನುಗಟ್ಟಲೆ ಕೂತು ಹೆಣೆದು ಸೀಟಿಗೆ ಹಾಸಿದ್ದ ಉಲನ್ ಹೊದಿಕೆಯನ್ನೂ ತೆಗೆದ. ಇವತ್ತು ಸಂತೆಗೆ ಬಂದಿದ್ದಾಗ ಅವಳು ನನ್ನನ್ನು ತಡೆದು ಕೇಳಿದಳು.

"ಆಚಾರ್ರ, ನಾ ಹೆಣದಿದ್ದು ಏನ ಮಾಡಿತ್ರಿ ನಿಮಗ?"

ಒರಿಜಿನಲ್ ಎಂಬ ವಿಷಯದ ಮೇಲೆ ಅವಳಿಗೆ ಸ್ವಲ್ಪ ಉಪನ್ಯಾಸ ಕೊಟ್ಟೆ. ಅವಳು ಬದನೆಕಾಯಿ ಆರಿಸುತ್ತ ನಿಂತಳು, ಕೇಳಿದಳೋ ಇಲ್ಲವೋ. ನಿಜ ಹೇಳಬೇಕೆಂದರೆ ಕಾರು ಚಂದ ಕಾಣಿಸದಿರಲಿ ಎಂದೇ ಒಂದೊಂದೂ ತೆಗೆಸಿದೆ. ಈಗ ನೋಡಿದರೆ ಪತ್ರಿಕೆಯ ಮುಖಪುಟದಿಂದ ಇಳಿದು ಬಂದ ಹಾಗಿದೆ. ನನ್ನ ಕೈಯಿಂದಲೇ ನನ್ನ ಹೊಟ್ಟೆ ಉರಿಸಿಕೊಂಡೆ.

ಸೆಪ್ಟೆಂಬರ್ ೧೪, ರವಿವಾರ

ಹಬ್‌ಕ್ಯಾಪ್ ಸಿಕ್ಕಿತು. ರಾಮದುರ್ಗದ ಕಡೆ ಯಾರದೋ ಇಂಥದೇ ಕಾರು ಗುಜರಿಗೆ ಹೋದಾಗ ಅದರ ಸಾಮಾನು ಕಟಕೋಳದ ಒಂದು ಮನೆ ಸೇರಿತ್ತೆಂದು ಕೇಳಿದ್ದೆ. ಶಟ್ಟೆಪ್ಪನಿಗೆ ಹೇಳಿದ್ದೇ ತಡ, ಬೆಳಿಗ್ಗೆ ಬಂದು ನಿಂತ. ದಾರಿ ತೋರಿಸಲು ಬೇರೆ ಯಾರೂ ಇಲ್ಲ ಎಂದು ಹೋದೆ.

ಸವದತ್ತಿ ದಾಟಿದ ಮೇಲೆ ರಸ್ತೆ ಖಾಲಿ. ಕಾಚು ಇಳಿಸಿದರೆ ಎರಡೂ ಕಡೆಯಿಂದ ಜೋಳದ ಗಾಳಿ. ಎಂಜಿನ್ನಿನ ಸದ್ದು ಎಲ್ಲಿ ಬದಲಾಗುತ್ತದೆ, ಯಾಕೆ ಬದಲಾಗುತ್ತದೆ ಎಂದು ನಾನು ಹೇಳುತ್ತ ಹೋದೆ, ಅವನು "ಹೌದ್ರಿ, ಹೌದ್ರಿ" ಎನ್ನುತ್ತ ಗೇರು ಬದಲಿಸುತ್ತ ಹೋದ. ಕಟಕೋಳದಲ್ಲಿ ಕೃಷ್ಣವ್ವ ಎಂಬ ಮುದುಕಿ ನಮ್ಮ ಹಬ್‌ಕ್ಯಾಪನ್ನು ಮಜ್ಜಿಗೆ ಗಡಿಗೆಗೆ ಮುಚ್ಚಿದ್ದಳು. ಬದಲಿಗೆ ಪೇಟೆಯಿಂದ ಸ್ಟೀಲಿನ ಮುಚ್ಚಳ ತಂದುಕೊಟ್ಟೆವು. "ಇದರಾಗ ಮಜ್ಜಿಗಿ ತಂಪ ಇರಂಗಿಲ್ಲ" ಎಂದು ಗೊಣಗಿದರೂ, ಎರಡು ತಂಬಿಗೆ ಮಜ್ಜಿಗೆ ಕುಡಿಸಿಯೇ ಕಳಿಸಿದಳು.

ಕಾರು ಯಾರದು ಎಂದು ಅಲ್ಲಿಯ ಮಂದಿ ಕೇಳಿದರು. ಶಟ್ಟೆಪ್ಪ ನನ್ನ ಕಡೆ ಕೈ ತೋರಿಸಿ "ನಮ್ದರಿ" ಎಂದ. ಕೊಂಡವನು ತಾನು, ನಮ್ಮದು ಎಂದು ಉದಾರತೆ ತೋರಿಸುವುದು ಬಹಳ ಸುಲಭ.

ಬೆನ್ನು ನೋಯುತ್ತಿದೆ. ಮುಂದಿನ ವಾರ ಎಲ್ಲಿಗೆ ಹೋಗುವುದೋ ಕೇಳಬೇಕು.

ಸೆಪ್ಟೆಂಬರ್ ೨೦, ಶನಿವಾರ

ಹಲ್ಲಿನ ಡಾಕ್ಟರ್ ಮಿಲಿಂದ ನಮ್ಮ ಅಂಗಡಿಯಲ್ಲಿ ಅದೇ ಪತ್ರಿಕೆ ಕೊಳ್ಳುವ ಮನುಷ್ಯ. ಈವರೆಗೆ ಅವರ ಮೇಲೆ ನನಗೆ ಒಳ್ಳೆಯ ಅಭಿಪ್ರಾಯವಿತ್ತು. ಇವತ್ತು ಕ್ಯಾಮೆರಾ ಹಿಡಿದು ಬಂದು ಕಾರಿನ ಸುತ್ತ ಕುಣಿದರು. ಬಾನೆಟ್ಟಿನ ಮೇಲೆ ಮೊಣಕೈ ಊರಿದರು. ಆಮೇಲೆ ಶಟ್ಟೆಪ್ಪನ ಎಡಗಡೆ, ನನ್ನ ಜಾಗದಲ್ಲಿ ಕೂತು ಊರು ಸುತ್ತಿಬಂದರು. ಬಾಗಿಲನ್ನು ಧಡಾರನೆ ಹಾಕಿದರು. ಹಳೆ ಬಾಗಿಲನ್ನು ಹೇಗೆ ಹಾಕಬೇಕೆಂದು ತಿಳಿಯದವರಿಗೆ ಪತ್ರಿಕೆ ಯಾಕೆ ಬೇಕು?

ಅಕ್ಟೋಬರ್ ೧, ಬುಧವಾರ

ಇವತ್ತು ಖಂಡೆ ಪೂಜೆ, ಆಯುಧ, ಗಾಡಿಗಳಿಗೆಲ್ಲ ಪೂಜೆಯ ದಿನ. ಅಪ್ಪ ಪುರೋಹಿತರಾಗಿದ್ದರು. ನಾನು ಪುಸ್ತಕದಂಗಡಿ ಹಿಡಿದೆ. ಆದರೂ ಗಾಡಿಯ ಪೂಜೆಗೆ ಊರವರು ಇವತ್ತಿಗೂ ನನ್ನನ್ನೇ ಕರೆಯುತ್ತಾರೆ, ಅಪ್ಪನ ಕೈಗುಣ ನನಗೆ ಬಂದಿದೆಯಂತೆ. ತಾಲೂಕಿನ ಅರ್ಧ ಟ್ರ್ಯಾಕ್ಟರು, ಬೈಕು, ಜೆಸಿಬಿಗಳ ನೆತ್ತಿಯ ಮೇಲೆ ಕುಂಕುಮದಲ್ಲಿ ಸ್ವಸ್ತಿಕ ಬರೆದವನು ನಾನು. ನನ್ನದು ಸೈಕಲ್ಲು.

ಶಟ್ಟೆಪ್ಪ ನನ್ನನ್ನೂ ರಾಧಾಬಾಯಿಯನ್ನೂ ಸಂಗೊಳ್ಳಿಗೆ ಕರೆದೊಯ್ದ. ಅಂಗಳದಲ್ಲಿ ಕಾರು ನಿಲ್ಲಿಸಿ, ಚೆಂಡುಹೂವಿನ ಮಾಲೆ ಹಾಕಿ, ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟಿದ್ದರು. ಅವನು ತಲೆಗೆ ಟವೆಲ್ ಸುತ್ತಿ, ಕೈಮುಗಿದು, ಕಣ್ಣು ಮುಚ್ಚಿ ನಿಂತ. ಸಂಕಲ್ಪಕ್ಕೆ ನೀರು ಹಿಡಿದೆ. ಸಂಕಲ್ಪದಲ್ಲಿ ಗಾಡಿಯ ಯಜಮಾನನ ಗೋತ್ರ, ಹೆಸರು ಹೇಳಬೇಕು. ಆಗಲೇ ಪೂಜೆಯ ಫಲ, ರಕ್ಷೆ ಎಲ್ಲ ಅವನಿಗೆ ಸಲ್ಲುವುದು. ಗೋತ್ರ ತಿಳಿಯದವರಿಗೆ ಕಾಶ್ಯಪ ಗೋತ್ರ ಎನ್ನುವುದು ಅಪ್ಪನ ರೂಢಿ. ಎಷ್ಟು ಸಲ ಹೇಳಿದ್ದೇನೆ, ನಿದ್ದೆಯಲ್ಲೂ ಬರುತ್ತದೆ.

ಬಾಯಿಂದ ಬಂದದ್ದು ನಮ್ಮ ಮನೆಯ ಭಾರದ್ವಾಜ ಗೋತ್ರ. ಅದರ ಬೆನ್ನಿಗೇ ನನ್ನ ಹೆಸರು.

ನೀರು ಬಿಟ್ಟಾಗಿತ್ತು. ಹಿಂದೆಯೇ ಬೀರವ್ವ ಕಾಯಿ ಒಡೆದುಬಿಟ್ಟಳು. ಶಟ್ಟೆಪ್ಪ ಕಣ್ಣು ತೆರೆದು ನನ್ನ ಕಾಲಿಗೆ ಬಿದ್ದ.

ಮನೆಗೆ ಬಂದ ಮೇಲೆ ರಾಧಾಬಾಯಿ ಸೀರೆ ಮಡಿಸುತ್ತ, ನನ್ನ ಮುಖ ನೋಡದೆ ಹೇಳಿದಳು. "ನಿಮ್ಮ ಹೆಸರಲೇ ಪೂಜಾ ಮಾಡ್ಕೊಂಡ್ರಲ್ಲ. ಪಾಪ, ಆಂವ ಕೈ ಮುಗದು ನಿಂತಿದ್ದ."

"ಬಾಯಿ ತಪ್ಪಿತು."

"ಬಾಯಿ ಬ್ಯಾರೆ ಕಡೆ ಯಾಕ ತಪ್ಪಲಿಲ್ಲ?"

ಅಕ್ಟೋಬರ್ ೨, ಗುರುವಾರ

ಬನ್ನಿ ಕೊಡಲು ಶಟ್ಟೆಪ್ಪ ಮನೆಗೆ ಬಂದಿದ್ದ. ಎಲೆ ಕೈಗಿಟ್ಟು "ಬಂಗಾರದಂಗ ಇರೂಣ್ರಿ ಆಚಾರ್ರ" ಎಂದ. ನಿಮ್ಮ ಮಂತ್ರ ಬಿದ್ದ ಮೇಲೆ ಎಂಜಿನ್ ಭಾಳ ಸಣ್ಣಗೆ ಹೊಂಟೈತಿ ಎಂದೂ ಹೇಳಿದ. ನಾನು ಎಲೆಯನ್ನೇ ನೋಡುತ್ತಿದ್ದೆ.

ಅಕ್ಟೋಬರ್ ೫, ರವಿವಾರ

ಮತ್ತೊಮ್ಮೆ ಪೂಜೆ ಮಾಡಿಕೊಡಬಹುದು. ಏನೋ ನೆಪ ಹೇಳಿದರಾಯಿತು. ಹೇಳಬೇಕೆಂದು ಎರಡು ಸಲ ಬಾಯಿ ತೆರೆದೆ. ಆದರೆ ಅವನು ಕಾರನ್ನು ನಿಲ್ಲಿಸಿ ಚುರುಮುರಿ ತರಲು ಹೋದಾಗ, ಒಬ್ಬನೇ ಅದರ ಪಕ್ಕ ನಿಂತು ಅನಿಸಿತು: ದೇವರ ಲೆಕ್ಕದಲ್ಲಿ ಇದು ನನ್ನ ಹೆಸರಿಗೇ ಇದೆ. ಪೆಟ್ರೋಲು ಅವನು ಹಾಕಿಸಲಿ, ಗಾಲಿ ಅವನು ಬದಲಿಸಲಿ. ಮೈತುಂಬ ಒಂದು ಬಗೆಯ ಕೆಟ್ಟ ಖುಷಿ. ಬಾನೆಟ್ಟಿನ ಮೇಲೆ ಕೈಯಾಡಿಸಿದೆ. ಬಿಸಿಯಾಗಿತ್ತು.

ಪೂಜೆಯ ಮಾತು ಎತ್ತಲಿಲ್ಲ.

ಅಕ್ಟೋಬರ್ ೧೨, ರವಿವಾರ

ಬೆಳಿಗ್ಗೆ ಬಂದು, ಸವದತ್ತಿಗೆ ಹೋಗೋಣ ಬರ್ರಿ ಎಂದು ಕರೆದ. ಮೊನ್ನೆ ಮಿಲಿಂದನನ್ನು ಕಿತ್ತೂರಿಗೆ ಕರೆದುಕೊಂಡು ಹೋಗಿದ್ದ, ನನ್ನನ್ನು ಕೇಳಿರಲಿಲ್ಲ. ಅದಕ್ಕೆ ಅಂಗಡಿಯ ಕೆಲಸವಿದೆ ಎಂದೆ. ಸ್ವಲ್ಪ ಒತ್ತಾಯ ಮಾಡುತ್ತಾನೆ ಎಂದುಕೊಂಡಿದ್ದೆ. ಮಾಡಲಿಲ್ಲ. ಮಿಲಿಂದನನ್ನು ಹತ್ತಿಸಿಕೊಂಡು ಹೋದ.

ಮಧ್ಯಾಹ್ನ ಸುದ್ದಿ ಬಂತು. ಗುಡ್ಡದ ಇಳಿಜಾರಿನಲ್ಲಿ ಕುರಿಹಿಂಡು ಅಡ್ಡ ಬಂದು, ಕಾರು ತಗ್ಗಿಗೆ ಇಳಿದಿದೆ.

"ಕಾರಿಗೇನಾತು?" ಎಂದು ಕೇಳಿದೆ.

ರಾಧಾಬಾಯಿ ಬಾಗಿಲಲ್ಲಿ ನಿಂತಿದ್ದಳು. ಅವಳೇ ಕೇಳಿದಳು, "ಶಟ್ಟೆಪ್ಪಗ ಏನಾತು?"

ಎಡಗೈ ಮುರಿದಿದೆ. ಮಿಲಿಂದನ ಮುಖ ಕಾಚಿಗೆ ಬಡಿಯಬಾರದೆಂದು, ಸ್ಟೇರಿಂಗ್ ಬಿಟ್ಟು ಕೈ ಅಡ್ಡ ಹಿಡಿದನಂತೆ. ಡಾಕ್ಟರಿಗೆ ಒಂದು ಗೀರೂ ಇಲ್ಲ.

ಅಕ್ಟೋಬರ್ ೧೩, ಸೋಮವಾರ

ಅಂಗಡಿ ತೆರೆಯಲಿಲ್ಲ. ರಕ್ಷೆ ಅವನ ಹೆಸರಿಗಿರಲಿಲ್ಲ. ನಾನೇ ನುಂಗಿದ್ದೆ. ಅವನು ಕಣ್ಣು ಮುಚ್ಚಿ ಕೈಮುಗಿದು ನಿಂತದ್ದೇ ಕಣ್ಣ ಮುಂದೆ ಬರುತ್ತದೆ. ಅಪ್ಪ ಇದ್ದಿದ್ದರೆ ನನ್ನ ಮುಖ ನೋಡುತ್ತಿರಲಿಲ್ಲ.

ಇನ್ನೊಂದು ವಿಷಯವೂ ತಲೆಯಿಂದ ಹೋಗದು. ಆ ಕೈ ಅವನು ಅಡ್ಡ ಹಿಡಿದದ್ದು ಮಿಲಿಂದನಿಗೆ. ಆ ಸೀಟಿನಲ್ಲಿ ಕೂರಬೇಕಾದವನು ನಾನು.

ಅಕ್ಟೋಬರ್ ೧೫, ಬುಧವಾರ

ಬಸ್ಸಿಗೆ ಸಂಗೊಳ್ಳಿಗೆ ಹೋದೆ. ಎಲ್ಲ ಹೇಳಿಬಿಡಬೇಕು, ಬೈದರೆ ಬೈಯಲಿ ಎಂದುಕೊಂಡು ಹೋಗಿದ್ದೆ. ಶಟ್ಟೆಪ್ಪ ಪಡಸಾಲೆಯ ಮಂಚದ ಮೇಲೆ ಪ್ಲಾಸ್ಟರ್ ಹಾಕಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಕೂತಿದ್ದ. ನನ್ನನ್ನು ನೋಡಿ ಏಳಲು ಹೋದ.

"ಕುಂಡ್ರಿ ಆಚಾರ್ರ. ಒಂದ ಮಾತ ಕೇಳತೇನಿ, ಸಿಟ್ಟಾಗಬ್ಯಾಡ್ರಿ. ಖಂಡೇ ಪೂಜಿ ದಿನ ಮಂತ್ರದಾಗ ನಿಮ್ಮ ಹೆಸರ ಹೇಳಿದ್ರಿ, ಹೌದಿಲ್ಲೋ?"

ಕೂರಲು ಹೋದವನು ಮತ್ತೆ ಎದ್ದು ನಿಂತೆ. ಅವನೇ ಮುಂದುವರಿಸಿದ.

"ಸಂಸ್ಕೃತ ನನಗ ತಿಳಿಯಂಗಿಲ್ಲ. ನಿಮ್ಮ ಹೆಸರ ತಿಳಿಯಂಗಿಲ್ಲೇನ್ರಿ? ಆವತ್ತ ಬೀರವ್ವಗ ಹೇಳಿದ್ನಿ, ನೋಡ, ಆಚಾರ್ರು ಗಾಡಿ ತಮ್ಮ ತಲಿಮ್ಯಾಲ ಹೊತ್ಗೊಂಡ್ರು, ಏನರ ಕೆಟ್ಟದ್ದ ಬಂದ್ರ ತಮಗ ಬರ್ಲಿ ಅಂತ. ಹೇಳಲಾರದ ಮಾಡ್ಯಾರ, ದೊಡ್ಡ ಮನಸಿನವ್ರು ಅಂತ. ಅದಕ್ಕ ಕೈ ಒಂದರಾಗ ಮುಗೀತ್ರಿ. ಇಲ್ಲಂದ್ರ ನಾ ಇವತ್ತ ಇಲ್ಲಿ ಕುಂಡ್ರತಿದ್ದಿಲ್ಲ."

ಬೀರವ್ವ ಚಹಾ ಇಟ್ಟು ಹೇಳಿದಳು, "ಆವತ್ತಿನಿಂದ ನಿಮ್ಮ ಹೆಸರಲೇ ಒಂದ ದೀಪಾ ಜಾಸ್ತಿ ಹಚ್ಚಾಕತ್ತೇನ್ರಿ ಆಚಾರ್ರ. ನಿಮಗೇನೂ ಆಗಬಾರದಂತ."

ಹೊಟ್ಟೆಕಿಚ್ಚು ಎಂಬುದನ್ನು ಈ ಇಬ್ಬರಿಗೆ ಯಾವ ಭಾಷೆಯಲ್ಲಿ ತಿಳಿಸಲಿ? ನನ್ನ ಜೊತೆ ಜಗಳಕ್ಕಾದರೂ ಬರಬಾರದೇ? ಬಿಸಿ ಚಹಾ ಗಟಗಟ ಕುಡಿದು ನಾಲಿಗೆ ಸುಟ್ಟುಕೊಂಡೆ.

ಅಂಗಳದಲ್ಲಿ ಕಾರು ನಿಂತಿತ್ತು. ಎಡಗಡೆ ಮಡ್‌ಗಾರ್ಡ್ ಒಳಗೆ ಹೋಗಿದೆ, ಒಂದು ದೀಪ ಒಡೆದಿದೆ, ಬೇರೇನೂ ಆಗಿಲ್ಲ. ಶಟ್ಟೆಪ್ಪ ನಡುಮನೆಯ ಮೊಳೆಯಿಂದ ಕೀ ತೆಗೆದು ನನ್ನ ಕೈಗಿಟ್ಟ. "ನಿಂತಲ್ಲೇ ನಿಂತ್ರ ಬ್ಯಾಟರಿ ಕೂತ ಬಿಡತೈತಿ. ನನ್ನ ಕೈ ನೆಟ್ಟಗಾಗೂತನಾ ನೀವ ಓಡಸ್ರಿ."

ಮೊಣಕಾಲು ಎನ್ನಲು ಹೋದೆ. ಆ ದೀಪದ ಮಾತು ಕೇಳಿದ ಮೇಲೆ ಮೊಣಕಾಲು ಬಾಯಿಗೆ ಬರಲಿಲ್ಲ.

"ನನಗ ಕಾರು ಓಡಸ್ಲಿಕ್ಕೆ ಬರಂಗಿಲ್ಲೋ ಶಟ್ಟೆಪ್ಪಾ."

ಅವನು ನನ್ನನ್ನು ನೋಡಿದ, ಕಾರನ್ನು ನೋಡಿದ. ಆಮೇಲೆ ನಕ್ಕ ನಗೆಗೆ ಮುರಿದ ಕೈ ಅಲುಗಿ "ಅಯ್ಯಯ್ಯೋ" ಎಂದ, ಮತ್ತೆ ನಕ್ಕ. ಬೀರವ್ವ ಸೆರಗನ್ನು ಬಾಯಿಗೆ ತುರುಕಿಕೊಂಡು ಒಳಗೋಡಿದಳು.

ಅಕ್ಟೋಬರ್ ೧೯, ರವಿವಾರ

ಸೋಯಾ ಕಿತ್ತು ಖಾಲಿಯಾದ ಅವನ ಹೊಲದಲ್ಲಿ ಕಾರು ಓಡಿಸಿದೆ. ಓಡಿಸಿದೆ ಎಂದರೆ, ಸ್ಟೇರಿಂಗು, ಕ್ಲಚ್ಚು, ಬ್ರೇಕು ನನ್ನದು. ಗೇರು ಶಟ್ಟೆಪ್ಪನದು. ಅವನು ಎಡಗಡೆ ಕೂತು, ನೆಟ್ಟಗಿರುವ ಬಲಗೈಯಿಂದ ಸ್ಟೇರಿಂಗ್ ಬುಡದ ಗೇರು ಹಾಕುತ್ತಾನೆ. "ಒತ್ರಿ" ಎಂದರೆ ನಾನು ಕ್ಲಚ್ ಒತ್ತಬೇಕು, "ಬಿಡ್ರಿ" ಎಂದರೆ ಬಿಡಬೇಕು. ಮೊದಲು ಕಪ್ಪೆಯ ಹಾಗೆ ಕುಪ್ಪಳಿಸಿತು. ಬದುವಿನ ಮೇಲೆ ನಿಂತಿದ್ದ ಎತ್ತು ಹಗ್ಗ ಕಿತ್ತುಕೊಂಡು ಓಡಿತು. ಕ್ಲಚ್ಚು ಹೇಗೆ ಕೆಲಸ ಮಾಡುತ್ತದೆ ಎಂದು ಕಣ್ಣು ಮುಚ್ಚಿ ಚಿತ್ರ ಬರೆದುಕೊಡಬಲ್ಲೆ. ಕಾಲಿಗೆ ಆ ಚಿತ್ರ ತಿಳಿಯುವುದಿಲ್ಲ.

ಸಂಜೆಯ ಹೊತ್ತಿಗೆ ಅವನು ಒತ್ರಿ ಎನ್ನುವ ಮೊದಲೇ ನನ್ನ ಕಾಲು ಒತ್ತುತ್ತಿತ್ತು, ನಾನು ಒತ್ತುವ ಮೊದಲೇ ಅವನ ಕೈ ಗೇರಿನ ಮೇಲಿರುತ್ತಿತ್ತು. ಬೀರವ್ವನ ಉಲನ್ ಹೊದಿಕೆ ಮತ್ತೆ ಸೀಟಿನ ಮೇಲಿದೆ. ನಾನೇ ಹಾಕು ಎಂದೆ. ಕೂರಲು ಬೆಚ್ಚಗಿರುತ್ತದೆ.

ನವೆಂಬರ್ ೨, ರವಿವಾರ

ಹೊಲ.

ನವೆಂಬರ್ ೯, ರವಿವಾರ

ಹೊಲಕ್ಕೂ ಮಿಲಿಂದ ಬಂದ. ಶಟ್ಟೆಪ್ಪನ ಕೈ ನೋಡಲು ಬಂದೆ ಎಂದ, ಕೈ ನೋಡಲು ಹಲ್ಲಿನ ಡಾಕ್ಟರು ಯಾಕೆ? ನಾವು ಇಬ್ಬರೂ ಸೇರಿ ಓಡಿಸುವುದನ್ನು ವಿಡಿಯೋ ಮಾಡಿಕೊಂಡು ನಕ್ಕ. ಮುಂದಿನ ಸೀಟಿನಲ್ಲಿ ಮೂರು ಮಂದಿ ಕೂರಬಹುದು ಎಂದು ಶಟ್ಟೆಪ್ಪ ಸರಿದು ಜಾಗ ಕೊಡಲು ಹೋದ. ಗೇರಿಗೆ ಅಡ್ಡವಾಗುತ್ತದೆ ಎಂದೆ. ಮಿಲಿಂದ ಹಿಂದೆ ಕೂತ.

ಅವನು ಒಂದು ಸುದ್ದಿ ತಂದಿದ್ದ. ಸುರೇಬಾನದಲ್ಲಿ ಒಬ್ಬರ ಮನೆಯಲ್ಲಿ ಇಂಥದೇ ಫಿಯಾಟು ನಿಂತಿದೆಯಂತೆ. ಒಳ್ಳೆಯ ಸ್ಥಿತಿಯಲ್ಲಿದೆ, ಯಾರಾದರೂ ಪ್ರೀತಿಯಿಂದ ಇಟ್ಟುಕೊಳ್ಳುವವರಿಗೆ ಕೊಡುತ್ತಾರಂತೆ.

"ಆಚಾರ್ಯರ, ನೀವ ತಗೊಳ್ರಿ. ಎಷ್ಟ ವರ್ಷದ ಆಸೆ ನಿಮ್ದು," ಎಂದ.

ನನಗೆ ಬೇಡ ಎಂದೆ. ಇನ್ನೊಂದು ಕಾರು ತಗೊಂಡು ನಾನೇನು ಮಾಡಲಿ? ಗೇರು ಹಾಕುವವರು ಯಾರು? ಆದರೆ ತಕ್ಷಣ ಒಳ್ಳೆಯ ಯೋಚನೆ ಹೊಳೆಯಿತು. "ಡಾಕ್ಟರ, ನೀವ ತಗೊಳ್ರಿ, ಇಂಥಾದ್ದು ಮತ್ತ ಸಿಗೂದಿಲ್ಲ," ಎಂದು ಅರ್ಧ ಗಂಟೆ ಗುಣಗಾನ ಮಾಡಿದೆ. ಅವನದೇ ಕಾರು ಬಂದರೆ ಅದರಲ್ಲಿ ಕೂತು ಎಲ್ಲಿಗೆ ಬೇಕಾದರೂ ಹೋಗಲಿ.

ನವೆಂಬರ್ ೧೯, ಬುಧವಾರ

ಶಟ್ಟೆಪ್ಪನ ಪ್ಲಾಸ್ಟರ್ ಬಿಚ್ಚಿದರು. ಎರಡೂ ಕೈ ಮೇಲೆತ್ತಿ ತೋರಿಸಿದ. ಒಬ್ಬನೇ ಸರಾಗವಾಗಿ ಕಾರು ಓಡಿಸಿಕೊಂಡು ಅಂಗಡಿಗೆ ಬಂದಿದ್ದ. ಸಂತೋಷದ ವಿಷಯ. ದೇವರಿಗೆ ಕಾಯಿ ಒಡೆದೆ.

ಊಟ ಸೇರಲಿಲ್ಲ. ರಾಧಾಬಾಯಿ ಮೈ ಮುಟ್ಟಿ ನೋಡಿ ಜ್ವರವಿಲ್ಲ ಎಂದಳು.

ನವೆಂಬರ್ ೨೩, ರವಿವಾರ

ಬೆಳಿಗ್ಗೆಯಿಂದ ತಲೆ ಕೆಟ್ಟಿದೆ. ಅಂಗಡಿ ತೆರೆದು ಬೆಂಚು ಒರೆಸುತ್ತಿದ್ದೆ. ಕಾರು ಸುರೇಬಾನದ ಕಡೆ ಹೊರಟಿತ್ತು, ಅಲ್ಲಿಯ ಫಿಯಾಟು ನೋಡಲು. ಶಟ್ಟೆಪ್ಪ ಓಡಿಸುತ್ತಿದ್ದ. ಎಡಗಡೆ ಸೀಟಿನಲ್ಲಿ, ಬೀರವ್ವನ ಉಲನ್ ಹೊದಿಕೆಯ ಮೇಲೆ, ಆ ಮಿಲಿಂದ. ಅಂಗಡಿಯ ಮುಂದೆ ನಿಧಾನ ಮಾಡಿ "ಆಚಾರ್ರ, ಹಿಂದ ಹತ್ರಿ, ಜಾಗಾ ಐತಿ" ಎಂದು ಶಟ್ಟೆಪ್ಪ ಕೂಗಿದ. ಹಿಂದೆ ಹತ್ತಲು ನಾನೇನು ಸಂತೆಯ ಚೀಲವೇ? ಅಂಗಡಿ ಬಿಡಲಾಗದು ಎಂದು ಕೈ ಮಾಡಿದೆ. ಹೊರಟೇಬಿಟ್ಟರು. ತಿರುವಿನಲ್ಲಿ ಮಿಲಿಂದ ಏನೋ ಹೇಳಿದ, ಶಟ್ಟೆಪ್ಪ ತಲೆ ಹಿಂದೆ ಹಾಕಿ ನಕ್ಕ. ಹೊಲದಲ್ಲಿ ನನ್ನ ಜೊತೆ ನಕ್ಕ ಹಾಗೆಯೇ ನಕ್ಕ.

ಪುಣೆಯಿಂದ ಈ ತಿಂಗಳ ಪತ್ರಿಕೆ ಬಂದು ಬಿದ್ದಿದೆ. ಕಟ್ಟು ಇನ್ನೂ ಬಿಚ್ಚಿಲ್ಲ. ಹೊಸ ಹೆಡ್‌ಲೈಟು ಹಾಕಿಸಿದ್ದಾನೆ, ಒರಿಜಿನಲ್ ಹೌದೋ ಅಲ್ಲವೋ ನೋಡಿದಿರಾ ಎಂದು ಪಕ್ಕದ ಅಂಗಡಿಯ ಬಸವಣ್ಣೆಪ್ಪ ಕೇಳಿದ. ನಾನು ನೋಡಿರಲಿಲ್ಲ. ಅಷ್ಟು ಹೊತ್ತು ಕಾರು ಕಣ್ಣ ಮುಂದೆಯೇ ಇತ್ತು.

ಅಷ್ಟು ನಗುವಂಥದ್ದು ಆ ಹಲ್ಲಿನ ಡಾಕ್ಟರು ಏನು ಹೇಳಿರಬಹುದು?

ನಾಳೆ ಮೊದಲ ಬಸ್ಸಿಗೇ ಸಂಗೊಳ್ಳಿಗೆ ಹೋಗುತ್ತೇನೆ. ಶಟ್ಟೆಪ್ಪ ಎದ್ದು ಬರುವ ಮೊದಲೇ ಎಡಗಡೆ ಸೀಟಿನಲ್ಲಿ ಕೂತುಬಿಡುತ್ತೇನೆ. ಯಾರು ಎಬ್ಬಿಸುತ್ತಾರೋ ನೋಡೋಣ.